ಕಮೋಡಿನ ನೀಲಿ ಬಿಲ್ಲೆ ಮತ್ತು ಎಂಟು ಪಿಪಿಎಂ ಪುರಾಣ

ಊಟ ಮಾಡ್ತಾ ಬ್ಲಾಗ್ ಓದೋ ಅಭ್ಯಾಸ ಇರುವವರು ದಯವಿಟ್ಟು ಊಟ ಮುಗಿಸಿ, ಕೈ ತೊಳೆದು ಬಂದು ಓದಿ. ಇವತ್ತಿನ ವಿಷಯ ಕಕ್ಕಸು. ಮೂಗು ಮುರಿಯಬೇಡಿ, ದಿನಾ ಹೋಗೋ ಜಾಗ ತಾನೆ?

ಕಮೋಡಿನ ಅಂಚಿಗೆ ಒಂದು ಪ್ಲಾಸ್ಟಿಕ್ ಪಂಜರದಲ್ಲಿ ನೇತು ಹಾಕ್ತಾರಲ್ಲ, ನೀಲಿಯದೋ ಹಸಿರಿನದೋ ಬಿಲ್ಲೆ, ನಾನು ಹೇಳ್ತಿರೋದು ಅದರ ಬಗ್ಗೆ. ಫ್ಲಶ್ ಮಾಡಿದಾಗಲೆಲ್ಲ ನೊರೆ ಬರುತ್ತೆ, ಲ್ಯಾವೆಂಡರ್ ಅಂತಲೋ ನಿಂಬೆ ಅಂತಲೋ ಪರಿಮಳ ಬರುತ್ತೆ. ಅದರ ಅಣ್ಣ ಒಬ್ಬ ಫ್ಲಶ್ ಟ್ಯಾಂಕಿನ ಒಳಗೇ ಮುಳುಗಿ ಕೂತು ನೀರನ್ನೆಲ್ಲ ನೀಲಿ ಮಾಡ್ತಾನೆ. ಇವೆರಡನ್ನೂ ಮಾರೋದು ಒಂದೇ ಮಾತಿನ ಮೇಲೆ: ಒಮ್ಮೆ ಹಾಕಿ, ಮರೆತುಬಿಡಿ, ಪ್ರತಿ ಫ್ಲಶ್ಶಿಗೂ ಶುಚಿ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹೋದ ತಿಂಗಳು ಒಬ್ಬ ಮಹನೀಯರು, "ಎಲ್ಲಾ ಮನೆಗೂ ಈ ಬ್ಲಾಕ್ ಸಗಟಿನಲ್ಲಿ ತರಿಸೋಣ, ಬ್ರಶ್ಶಿನ ಕೆಲಸವೇ ಇರಲ್ಲ, ಹೌಸ್‌ಕೀಪಿಂಗಿನವರನ್ನು ಒಬ್ಬರು ಕಡಿಮೆ ಮಾಡಬಹುದು" ಅಂತ ಬರೆದರು. ಅದಕ್ಕೆ ಹದಿನೆಂಟು ಹೆಬ್ಬೆಟ್ಟು! ಅಲ್ಲೇ ಉತ್ತರ ಬರೆಯೋಕೆ ಹೋದೆ, ಉದ್ದ ಆಯ್ತು. ಹಾಗಾಗಿ ಇಲ್ಲಿ.

ನನ್ನ ಮಾತು ಇಷ್ಟೇ. ಈ ಬಿಲ್ಲೆ ಕಮೋಡನ್ನು ಶುಚಿ ಮಾಡಲ್ಲ, ಮಾಡೋಕೆ ಸಾಧ್ಯವೂ ಇಲ್ಲ. ಯಾರೋ ಕಳಪೆಯಾಗಿ ತಯಾರಿಸಿದ್ದಾರೆ ಅಂತಲ್ಲ, ಚೆನ್ನಾಗಿಯೇ ತಯಾರಿಸಿದ್ದಾರೆ. ಆದರೆ ತಯಾರಿಸಿರೋದು ಬೇರೆ ಕೆಲಸಕ್ಕೆ.

ನಾನು ಓದಿದ್ದು ಕೆಮಿಕಲ್ ಎಂಜಿನಿಯರಿಂಗು, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರು. ನಾಲ್ಕು ವರ್ಷ ಓದಿದ್ದಕ್ಕೆ ಇಂಥ ಒಂದು ಬರಹವಾದ್ರೂ ಹುಟ್ಟದಿದ್ದರೆ ಅಪ್ಪ ಕಟ್ಟಿದ ಫೀಸಿಗೆ ಅರ್ಥ ಏನು ಹೇಳಿ :-)

ಮೊದಲು ಬಿಲ್ಲೆಯೊಳಗೆ ಏನಿದೆ ನೋಡೋಣ. ಮುಖ್ಯವಾಗಿ ಪುಡಿ ರೂಪದ ಡಿಟರ್ಜೆಂಟು, ಸಾಮಾನ್ಯವಾಗಿ ಸೋಡಿಯಂ ಡೋಡೆಸೈಲ್ ಬೆಂಜೀನ್ ಸಲ್ಫೋನೇಟ್. ಬಟ್ಟೆ ಪೌಡರಿನಲ್ಲಿ ಇರೋದರ ಹತ್ತಿರದ ಸಂಬಂಧಿ. ಜೊತೆಗೆ ಜಾಗ ತುಂಬೋಕೆ ಸೋಡಿಯಂ ಸಲ್ಫೇಟು. ಎಲ್ಲಾ ಒಂದೇ ದಿನಕ್ಕೆ ಕರಗಿ ಹೋಗದಂತೆ ತಡೆಯೋಕೆ ತೆಂಗಿನೆಣ್ಣೆಯಿಂದ ಮಾಡಿದ ಮೇಣದಂಥ ಒಂದು ವಸ್ತು, ಕೊಕೊ ಮೊನೊಎಥನಾಲಮೈಡ್. ಆಮೇಲೆ ಸೆಂಟು, ಬಣ್ಣ. ಇವನ್ನೆಲ್ಲ ಕಲಸಿ, ಸ್ನಾನದ ಸೋಪು ಮಾಡೋ ಥರದ್ದೇ ಯಂತ್ರದಲ್ಲಿ ಅದುಮಿ, ಉದ್ದನೆ ಕೋಲಿನ ಹಾಗೆ ಹೊರಗೆ ತಳ್ಳಿ, ತುಂಡು ಮಾಡಿದರೆ ಬಿಲ್ಲೆ ಸಿದ್ಧ. ಇದರಲ್ಲಿ ನಿಜವಾದ ಎಂಜಿನಿಯರಿಂಗ್ ಇರೋದು ಒಂದೇ ಕಡೆ: ಎಷ್ಟು ನಿಧಾನವಾಗಿ ಕರಗಬೇಕು ಅನ್ನೋದರಲ್ಲಿ. ಬೇಗ ಕರಗಿದರೆ ಗಿರಾಕಿ ಬೈತಾನೆ. ಕರಗದೇ ಕೂತರೆ ನೊರೆ ಬರಲ್ಲ, ಆಗಲೂ ಬೈತಾನೆ. ಈ ಎರಡು ಬೈಗುಳದ ನಡುವಿನ ಹಾದಿಯೇ ಫಾರ್ಮುಲೇಶನ್ ಅನ್ನಿಸಿಕೊಂಡಿದೆ. ಅದು ಸುಲಭದ ಕೆಲಸ ಅಂತ ನಾನು ಹೇಳ್ತಿಲ್ಲ. ನೀರಿನ ಬಿಸಿ, ಗಡಸುತನ, ನೀರು ಬೀಳೋ ರಭಸ ಎಲ್ಲದಕ್ಕೂ ಬಿಲ್ಲೆಯ ಆಯಸ್ಸು ಬದಲಾಗುತ್ತೆ. ಕಷ್ಟಪಟ್ಟೇ ಮಾಡಿರ್ತಾರೆ.

ಈಗ ಲೆಕ್ಕಕ್ಕೆ ಬನ್ನಿ. ಕ್ಯಾಲ್ಕುಲೇಟರೂ ಬೇಡ.

ಬಿಲ್ಲೆಯ ತೂಕ 50 ಗ್ರಾಂ ಅಂತಿಟ್ಕೊಳ್ಳಿ. 300 ಫ್ಲಶ್ ಬಾಳುತ್ತೆ ಅಂತಿಟ್ಕೊಳ್ಳಿ. ಒಂದು ಫ್ಲಶ್ಶಿಗೆ 6 ಲೀಟರ್ ನೀರು. ಅಂದ್ರೆ ಪ್ರತಿ ಫ್ಲಶ್ಶಿಗೆ ಕರಗೋದು ಸುಮಾರು 167 ಮಿಲಿಗ್ರಾಂ, ಒಂದು ಲೀಟರಿಗೆ 28 ಮಿಲಿಗ್ರಾಂ. ಬಿಲ್ಲೆಯಲ್ಲಿ ಡಿಟರ್ಜೆಂಟ್ ಅಂಶ ನೂರಕ್ಕೆ 30 ಅಂತ ಹಿಡಿದರೆ ನೀರಿಗೆ ಸೇರೋ ಡಿಟರ್ಜೆಂಟು ಲೀಟರಿಗೆ 8 ಮಿಲಿಗ್ರಾಂ. ಎಂಟು ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ ಎಂಟು ಪಾಲು.

ಹೋಲಿಕೆಗೆ ನಿಮ್ಮನೆ ಬಟ್ಟೆ ಬಕೆಟ್ಟು ತಗೊಳ್ಳಿ. 15 ಲೀಟರ್ ನೀರಿಗೆ 40 ಗ್ರಾಂ ಪೌಡರು. ಅದರಲ್ಲಿ ಡಿಟರ್ಜೆಂಟ್ ಅಂಶ ಬರೀ 12 ಪರ್ಸೆಂಟ್ ಅಂದರೂ 320 ಪಿಪಿಎಂ ಆಯ್ತು. ಕಮೋಡಿಗಿಂತ ನಲವತ್ತು ಪಟ್ಟು. ಅಷ್ಟು ಹಾಕಿಯೂ ಅರ್ಧ ಗಂಟೆ ನೆನೆಸಿ, ಕಾಲರನ್ನು ಬ್ರಶ್ಶಲ್ಲಿ ಉಜ್ಜದಿದ್ದರೆ ಕೊಳೆ ಹೋಗಲ್ಲ ಅಂತ ಅಮ್ಮ ಹೇಳ್ತಾರೆ. ಇಲ್ಲಿ ಎಂಟು ಪಿಪಿಎಂ ನೀರು ಐದಾರು ಸೆಕೆಂಡು ಪಿಂಗಾಣಿ ಮೇಲೆ ಜಾರಿ ಹೋದರೆ ಶುಚಿ ಆಗುತ್ತಂತೆ! ಡಿಟರ್ಜೆಂಟಿನ ಕಣಗಳು ಒಟ್ಟುಗೂಡಿ ಜಿಡ್ಡನ್ನು ಸುತ್ತುವರಿದು ಎತ್ತಿಕೊಂಡು ಹೋಗಬೇಕಾದರೆ ನೀರಿನಲ್ಲಿ ಅವು ಒಂದು ಮಟ್ಟಕ್ಕಿಂತ ಹೆಚ್ಚಿರಲೇಬೇಕು, ಈ ಜಾತಿಯ ಡಿಟರ್ಜೆಂಟಿಗೆ ಶುದ್ಧ ನೀರಿನಲ್ಲಿ ಆ ಮಟ್ಟ ನೂರಾರು ಪಿಪಿಎಂ. ಎಂಟರಲ್ಲಿ ನೊರೆ ಕಾಣುತ್ತೆ, ಅಷ್ಟೇ.

ಸರಿ, ಜಿಡ್ಡು ಬಿಡಿ. ಬೆಂಗಳೂರಿನ ಕಮೋಡಿನ ನಿಜವಾದ ಶತ್ರು ಜಿಡ್ಡಲ್ಲ, ಕರೆ. ಬೋರ್‌ವೆಲ್ಲಿನದೋ ಟ್ಯಾಂಕರಿನದೋ ಉಪ್ಪು ನೀರು ಬರೋ ಮನೆಯವರಿಗೆ ವಿವರಿಸೋದೇ ಬೇಡ. ನೀರು ನಿಲ್ಲೋ ಮಟ್ಟದಲ್ಲಿ ಒಂದು ಹಳದಿ ಉಂಗುರ, ನೀರು ಇಳಿಯೋ ದಾರಿಯಲ್ಲಿ ಕಂದು ಗೆರೆ. ನೀರಿನಲ್ಲಿರೋ ಸುಣ್ಣದಂಶ ಪದರ ಪದರವಾಗಿ ಕೂರೋದು ಒಂದು ಕಡೆ. ಇನ್ನೊಂದು ಕಡೆ ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡ್ತವೆ, ನೀರು ಕ್ಷಾರವಾಗುತ್ತೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಫಾಸ್ಫೇಟುಗಳು ಕಲ್ಲಾಗಿ ಹಿಡಿಯುತ್ತವೆ. ಆ ಕಲ್ಲಿನ ಸಂದಿಯಲ್ಲೇ ಮತ್ತೆ ಬ್ಯಾಕ್ಟೀರಿಯಾ ಮನೆ ಮಾಡುತ್ತೆ. ವಾಸನೆಯ ಮೂಲ ಅಲ್ಲಿದೆ. ಸೋಪು ಎಷ್ಟು ಹಾಕಿದರೂ ಈ ಕಲ್ಲು ಕರಗಲ್ಲ. ಇದಕ್ಕೆ ಬೇಕಾಗಿರೋದು ಆಸಿಡ್.

"ಹಾಗಾದ್ರೆ ಬಿಲ್ಲೆಯಲ್ಲೇ ಆಸಿಡ್ ಸೇರಿಸಿದರಾಯ್ತಲ್ಲ" ಅಂತೀರಾ? ಕೆಲವರು ಸಿಟ್ರಿಕ್ ಆಸಿಡ್ ಸೇರಿಸಿ "ಸುಣ್ಣದ ಕರೆ ತಡೆಯುತ್ತೆ" ಅಂತ ಬರೆದೂ ಇರ್ತಾರೆ. ಇದಕ್ಕೂ ಲೆಕ್ಕ ಇದೆ, ಇದು ಇನ್ನೂ ಮಜವಾಗಿದೆ. ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಲ್ಲಿ ನೀರಿನ ಕ್ಷಾರೀಯತೆ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೇದು, ಬೇರೆ ಗತಿ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ ಅಂತಿದೆ. ನಾವು ನಡುವಿನ 300 ಹಿಡಿಯೋಣ. 6 ಲೀಟರಿನಲ್ಲಿ 1.8 ಗ್ರಾಂ ಸುಣ್ಣದ ಕಲ್ಲಿಗೆ ಸಮನಾದ ಕ್ಷಾರ ಆಯ್ತು. ಇದನ್ನು ಸರಿದೂಗಿಸೋಕೇ ಸಲ್ಫಾಮಿಕ್ ಆಸಿಡ್ 3.5 ಗ್ರಾಂ ಬೇಕು. ನೆನಪಿರಲಿ, ಇದು ಒಂದು ಫ್ಲಶ್ಶಿನ ನೀರಿನ ಖರ್ಚು ಮಾತ್ರ, ಕರೆಯ ತಂಟೆಗೆ ನಾವಿನ್ನೂ ಹೋಗಿಲ್ಲ. ಇಡೀ 50 ಗ್ರಾಂ ಬಿಲ್ಲೆ ಬರೀ ಆಸಿಡ್ಡೇ ಆಗಿದ್ದರೂ ಹದಿನಾಲ್ಕು ಫ್ಲಶ್ಶಿಗೆ ಮುಗಿದು ಹೋಯ್ತು. ನಾಲ್ಕು ಜನ ಇರೋ ಮನೆಯಲ್ಲಿ ಒಂದು ದಿನ! 300 ಫ್ಲಶ್ ಬಾಳೋ ಬಿಲ್ಲೆಯಲ್ಲಿನ ಆಸಿಡ್ ಕರೆಯನ್ನು ಮುಟ್ಟೋ ಮೊದಲೇ ನೀರಿನಲ್ಲೇ ಸತ್ತಿರುತ್ತೆ.

ಇಷ್ಟು ಸರಳ ಗುಣಾಕಾರ ಅದನ್ನು ಮಾಡಿದವರಿಗೆ ಗೊತ್ತಿರಲ್ವೇ? ಚೆನ್ನಾಗಿ ಗೊತ್ತಿರುತ್ತೆ. ನನಗೆ ಸಿಟ್ಟು ಬರೋದು ಅದಕ್ಕೇ.

ಪರೀಕ್ಷೆ ಹೇಗೆ ಮಾಡ್ತಾರೆ ಅನ್ನೋದನ್ನು ಗಮನಿಸಿದರೆ ಇದು ಸ್ಪಷ್ಟ ಆಗುತ್ತೆ. ಸಾಲಾಗಿ ಕಮೋಡುಗಳನ್ನು ಜೋಡಿಸಿ, ಟೈಮರ್ ಇಟ್ಟು, ಇಂತಿಷ್ಟು ನಿಮಿಷಕ್ಕೊಮ್ಮೆ ತಾನಾಗೇ ಫ್ಲಶ್ ಆಗೋ ಹಾಗೆ ಮಾಡ್ತಾರೆ. ಆಗಾಗ ಬಿಲ್ಲೆ ತೆಗೆದು ತೂಗ್ತಾರೆ. ಎಷ್ಟು ಫ್ಲಶ್ ಬಾಳ್ತು, ನೊರೆ ಎಷ್ಟೆತ್ತರ ಬಂತು, ಬಣ್ಣ ಕೊನೇವರೆಗೂ ಒಂದೇ ಸಮ ಇತ್ತಾ, ಮೂಗಿನವರ ತಂಡ ಪರಿಮಳಕ್ಕೆ ಎಷ್ಟು ಅಂಕ ಕೊಟ್ಟಿತು, ಪಂಜರದೊಳಗೆ ಬಿಲ್ಲೆ ಲೋಳೆಯಾಯ್ತಾ. ಎಲ್ಲಾ ಅಚ್ಚುಕಟ್ಟು, ಎಲ್ಲದಕ್ಕೂ ಅಂಕಿ ಅಂಶ. ಬಿಲ್ಲೆಯ ಆರೋಗ್ಯ ತಪಾಸಣೆ ಬಹಳ ಚೆನ್ನಾಗಿ ನಡೆಯುತ್ತೆ. ಕಮೋಡಿನ ಆರೋಗ್ಯ? ನಮ್ಮ ಸಾಫ್ಟ್‌ವೇರಿನ ಗೆಳೆಯರಿಗೆ ಅರ್ಥ ಆಗೋ ಹಾಗೆ ಹೇಳಬೇಕಂದ್ರೆ, ಇದು ಸಾವಿರ ಯೂನಿಟ್ ಟೆಸ್ಟ್ ಬರೆದು ಒಂದರಲ್ಲೂ ಅಸರ್ಟ್ ಹಾಕದೇ ಇರೋ ಥರ. ಎಲ್ಲಾ ಹಸಿರು ಬರುತ್ತೆ. ಮ್ಯಾನೇಜರ್ ಖುಷಿ.

ಕರೆ ಕರಗುತ್ತಾ ಅಂತ ನೋಡೋಕೆ ಪರೀಕ್ಷೆ ಇಲ್ಲ ಅಂತೇನಿಲ್ಲ. ತೂಗಿದ ಒಂದು ಮಾರ್ಬಲ್ ತುಂಡನ್ನು ಕ್ಲೀನರಿನಲ್ಲಿ ಮುಳುಗಿಸಿ, ನಿಗದಿತ ಸಮಯದ ನಂತರ ತೆಗೆದು, ಒಣಗಿಸಿ, ಮತ್ತೆ ತೂಗೋದು. ದ್ರವ ರೂಪದ ಆಸಿಡ್ ಕ್ಲೀನರುಗಳಿಗೆ ಇದು ಮಾಮೂಲಿ ಪರೀಕ್ಷೆ. ನೇತಾಡೋ ಬಿಲ್ಲೆಯನ್ನು ಇದಕ್ಕೆ ಒಡ್ಡಿ ಫಲಿತಾಂಶವನ್ನು ಪೊಟ್ಟಣದ ಮೇಲೆ ಹಾಕಿದ್ದನ್ನು ನಾನಂತೂ ನೋಡಿಲ್ಲ. ನೀವೇ ಮನೆಯಲ್ಲಿ ಮಾಡಿ ನೋಡಬಹುದು, ಮಾರ್ಬಲ್ಲೂ ಬೇಡ, ಮೊಟ್ಟೆ ಚಿಪ್ಪು ಸಾಕು. ಅದೂ ಸುಣ್ಣದ ಕಲ್ಲೇ. ಮೊಟ್ಟೆ ತಿನ್ನದವರು ರಂಗೋಲಿ ಕಲ್ಲಿನ ಚೂರನ್ನು ಹಾಕಬೇಡಿ, ಎಷ್ಟೋ ಕಡೆ ಅದು ಬಳಪದ ಕಲ್ಲು, ಆಸಿಡ್ಡಿಗೂ ಜಗ್ಗಲ್ಲ. ಒಂದು ಲೋಟದಲ್ಲಿ ಫ್ಲಶ್ ಆದ ಮೇಲೆ ಬಂದ ನೊರೆ ನೀರು (ಕಮೋಡಿಂದ ಬೇಡ ಮಾರಾಯ್ರೇ, ಬಕೆಟ್ಟಿನಲ್ಲಿ ಬಿಲ್ಲೆ ಅದ್ದಿದ ನೀರು), ಇನ್ನೊಂದರಲ್ಲಿ ನಿಂಬೆರಸ. ನಿಂಬೆರಸದಲ್ಲಿ ಚಿಪ್ಪು ತಕ್ಷಣ ಗುಳ್ಳೆ ಬಿಡುತ್ತೆ, ಮಾರನೇ ದಿನಕ್ಕೆ ಮೆತ್ತಗಾಗುತ್ತೆ. ನೀಲಿ ನೀರಿನ ಚಿಪ್ಪು ನಮ್ಮನೆಯಲ್ಲಿ ನಾಲ್ಕು ದಿನ ಇತ್ತು. ಆದ ಬದಲಾವಣೆ ಒಂದೇ, ಚಿಪ್ಪು ನೀಲಿಯಾಯ್ತು.

"99.9% ಕೀಟಾಣು" ಅನ್ನೋ ಮಾತೂ ಇದೇ ಜಾತಿ. ಅಂಥ ಪರೀಕ್ಷೆಗಳಲ್ಲಿ ಔಷಧಿಯನ್ನು ಇಂತಿಷ್ಟು ಸಾಂದ್ರತೆಯಲ್ಲಿ, ಇಂತಿಷ್ಟು ನಿಮಿಷ ಕೀಟಾಣುಗಳ ಜೊತೆ ಇಟ್ಟಿರ್ತಾರೆ. ಬಾಟಲಿಯಿಂದ ನೇರ ಸುರಿದು ಹತ್ತು ನಿಮಿಷ ಬಿಡೋ ದ್ರವಕ್ಕೆ ಆ ಮಾತಿಗೊಂದು ಅರ್ಥ ಇದೆ. ಜಾರಿ ಹೋಗೋ ನೀರಿಗೆ ಹತ್ತು ನಿಮಿಷ ಎಲ್ಲಿಂದ ತರೋಣ?

ಇನ್ನು ಈ ಬಿಲ್ಲೆಗಿಂತ ಹಳೇದೊಂದು ಪೀಳಿಗೆ ಇದೆ. ಸಿನಿಮಾ ಥಿಯೇಟರು, ಬಸ್ ಸ್ಟ್ಯಾಂಡು, ಹೋಟೆಲುಗಳ ಮೂತ್ರಾಲಯದಲ್ಲಿ ಬಿಳಿ ಗುಂಡು, ಬಣ್ಣದ ಬಿಲ್ಲೆ ಹಾಕಿರ್ತಾರಲ್ಲ, ಅದು. ನುಸಿಗುಳಿಗೆ ಅನ್ನೋ ನ್ಯಾಫ್ತಲಿನ್, ಇಲ್ಲವೇ ಪ್ಯಾರಾ ಡೈಕ್ಲೋರೋಬೆಂಜೀನ್. ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗೋದೇ ಇಲ್ಲ, ಕರ್ಪೂರದ ಹಾಗೆ ನೇರ ಗಾಳಿಗೆ ಹಾರಿ ಹೋಗುತ್ತೆ. ಅಂದ್ರೆ ತೊಳೆಯೋ ಕೆಲಸ ಸೊನ್ನೆ, ಮೂಗು ಮುಚ್ಚಿಸೋ ಕೆಲಸ ನೂರಕ್ಕೆ ನೂರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಇವೆರಡನ್ನೂ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ 2ಬಿ ಗುಂಪಿಗೆ ಹಾಕಿದೆ. ಯುರೋಪಿಯನ್ ಒಕ್ಕೂಟ 2014ರಲ್ಲಿ ನಿಯಮ ಮಾಡಿ, 2015ರ ಜೂನ್ 1ರಿಂದ ಟಾಯ್ಲೆಟ್ ಬಿಲ್ಲೆಗಳಲ್ಲಿ ಡೈಕ್ಲೋರೋಬೆಂಜೀನ್ ಶೇಕಡಾ 1ಕ್ಕಿಂತ ಕಡಿಮೆ ಇರಬೇಕು ಅಂದಿತು. ಮೂತ್ರಾಲಯಕ್ಕೆ ನಾವು ಎರಡು ನಿಮಿಷ ಹೋಗಿ ಬರ್ತೀವಿ. ದಿನವಿಡೀ ಅದರ ಬಾಗಿಲಲ್ಲಿ ಚಿಲ್ಲರೆ ಹಿಡಿದು ಕೂತಿರೋ ಮನುಷ್ಯನ ಶ್ವಾಸಕೋಶ ಯಾರ ಲೆಕ್ಕಕ್ಕೂ ಬರಲ್ಲ.

ಬಿಲ್ಲೆಯ ಪರವಾಗಿ ಹೇಳಬಹುದಾದ್ದು ಏನೂ ಇಲ್ವಾ? ಇದೆ. ಕೆಲವೇ ಪಿಪಿಎಂನಲ್ಲಿ ಕೆಲಸ ಮಾಡೋ ವಸ್ತುಗಳು ರಸಾಯನಶಾಸ್ತ್ರದಲ್ಲಿ ಇವೆ. ಒಂದು, ಫಾಸ್ಫೊನೇಟು, ಪಾಲಿಅಕ್ರಿಲೇಟುಗಳಂಥವು. ಇವು ಕರೆಯನ್ನು ಕರಗಿಸಲ್ಲ, ಆದರೆ ಹೊಸ ಸುಣ್ಣದ ಹರಳು ಬೆಳೆಯೋದನ್ನು ತಡೆಯುತ್ತವೆ. ಕಾರ್ಖಾನೆಯ ಬಾಯ್ಲರು, ಕೂಲಿಂಗ್ ಟವರುಗಳಲ್ಲಿ ದಶಕಗಳಿಂದ ಬಳಸ್ತಿದ್ದಾರೆ. ಚೊಕ್ಕವಾಗಿ ಉಜ್ಜಿದ ಕಮೋಡಿಗೆ ಇಂಥ ಬಿಲ್ಲೆ ಹಾಕಿ "ಉಜ್ಜೋದು ವಾರಕ್ಕೊಮ್ಮೆ ಬದಲು ಎರಡು ವಾರಕ್ಕೊಮ್ಮೆ ಸಾಕು" ಅಂತ ಮಾರಿದರೆ ನಾನೇ ಮೊದಲ ಗಿರಾಕಿ. ಎರಡು, ಕ್ಲೋರಿನ್. ನಲ್ಲಿ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಇದ್ದರೂ ಅದು ಕೆಲಸ ಮಾಡ್ತಿರುತ್ತೆ. ಹಾಗಾಗಿ ಟ್ಯಾಂಕಿನೊಳಗಿನ ಕ್ಲೋರಿನ್ ಬಿಲ್ಲೆ ಕೀಟಾಣುಗಳ ಮಟ್ಟಿಗೆ ಸುಳ್ಳಲ್ಲ. ಆದರೆ ಅದು ಕಲ್ಲನ್ನು ಕರಗಿಸಲ್ಲ, ಬಿಳಿಚಿಸುತ್ತೆ. ಕರೆ ಅಲ್ಲೇ ಇದ್ದು ಕಾಣದಂತಾಗುತ್ತೆ. ರಾತ್ರಿಯೆಲ್ಲ ಅದೇ ನೀರಿನಲ್ಲಿ ನೆಂದ ಟ್ಯಾಂಕಿನ ರಬ್ಬರ್ ವಾಷರು ಹಾಳಾಗಿ ನೀರು ಸೋರೋಕೆ ಶುರುವಾಗುತ್ತೆ. ಎಲ್ಲಕ್ಕಿಂತ ಮುಖ್ಯ, ಟ್ಯಾಂಕಿನಲ್ಲಿ ಕ್ಲೋರಿನ್ ಬಿಲ್ಲೆ ಇದೆ ಅಂತ ಗೊತ್ತಿಲ್ಲದೆ ಯಾರಾದ್ರೂ ಕಮೋಡಿಗೆ ಆಸಿಡ್ ಸುರಿದರೆ ವಿಷದ ಗಾಳಿ ಏಳುತ್ತೆ. ಬ್ಲೀಚಿಂಗ್ ಪೌಡರು, ಆಸಿಡ್ಡು ಎರಡನ್ನೂ ಒಟ್ಟಿಗೆ ಹಾಕೋದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ತೊಳೆಯೋರು ಯಾರು ಅನ್ನೋದೂ ಗೊತ್ತು.

ಇಲ್ಲಿ ಯೂಟ್ಯೂಬಿನ "ಮನೆಯಲ್ಲೇ ಟಾಯ್ಲೆಟ್ ಬಾಂಬ್ ಮಾಡಿ" ಬಳಗದವರಿಗೂ ಒಂದು ಮಾತು. ಒಂದು ಕಪ್ ಅಡುಗೆ ಸೋಡಾ, ಕಾಲು ಕಪ್ ಸಿಟ್ರಿಕ್ ಆಸಿಡ್, ನಾಲ್ಕು ಹನಿ ಸೆಂಟು, ಬುಸ್ ಅಂತ ಉಕ್ಕುತ್ತೆ, ಕೆಮಿಕಲ್ ಇಲ್ಲ ಅಂತಾರೆ. (ಸೋಡಾ, ಸಿಟ್ರಿಕ್ ಆಸಿಡ್ ಕೆಮಿಕಲ್ ಅಲ್ಲದೆ ಇನ್ನೇನು ಪಾಯಸವೇ?) 192 ಗ್ರಾಂ ಸಿಟ್ರಿಕ್ ಆಸಿಡ್ಡನ್ನು ಪೂರ್ತಿ ಕೊಲ್ಲೋಕೆ 252 ಗ್ರಾಂ ಸೋಡಾ ಸಾಕು. ನೀವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೋಡಾ ಹಾಕಿದ್ದೀರಿ. ಉಕ್ಕಿ ಮುಗಿದ ಮೇಲೆ ಕಮೋಡಿನಲ್ಲಿ ಉಳಿಯೋದು ಸೋಡಾ ನೀರು. ಕರೆ ತೆಗೆಯಬೇಕಿದ್ದ ಆಸಿಡ್ ಆ ಬುಸ್ ಶಬ್ದಕ್ಕೇ ಖರ್ಚಾಯ್ತು.

ಹಾಗಂತ ಗಟ್ಟಿ ರೂಪದ ಕ್ಲೀನರೇ ಬೇಡ ಅನ್ನೋನು ನಾನಲ್ಲ. ಬೇಕು, ತುಂಬಾ ಬೇಕು. ಆದರೆ ನೇತು ಹಾಕೋಕಲ್ಲ, ಒಂದೇ ಸಲ ಹಾಕೋಕೆ. ಅಮೆರಿಕದಲ್ಲಿ 1911ರಷ್ಟು ಹಿಂದೆಯೇ ಸ್ಯಾನಿ-ಫ್ಲಶ್ ಅನ್ನೋ ಪುಡಿ ಬಂದಿತ್ತು. ಅದರ ಮುಖ್ಯ ಅಂಶ ಸೋಡಿಯಂ ಬೈಸಲ್ಫೇಟ್, ನೀರು ಸೇರಿದರೆ ಖಡಕ್ ಆಸಿಡ್. ಇವತ್ತು ಅದಕ್ಕಿಂತ ಒಳ್ಳೇದು ಸಲ್ಫಾಮಿಕ್ ಆಸಿಡ್: ಸಕ್ಕರೆಯಂಥ ಹರಳು, ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತೆ, ಮ್ಯುರಿಯಾಟಿಕ್ ಆಸಿಡ್ಡಿನ ಹಾಗೆ ಹೊಗೆ ಬಿಡಲ್ಲ. ಕಮೋಡಿನಲ್ಲಿ ನಿಂತಿರೋ ನೀರು 2 ಲೀಟರ್ ಅಂದ್ಕೊಳ್ಳಿ. ಅದರ ಕ್ಷಾರಕ್ಕೆ ಹೋಗೋದು 1.2 ಗ್ರಾಂ ಮಾತ್ರ. ರಾತ್ರಿ ಮಲಗೋ ಮುಂಚೆ 20 ಗ್ರಾಂ ಹಾಕಿದರೆ ಉಳಿದ 19 ಗ್ರಾಂ ಹತ್ತಿರಹತ್ತಿರ 10 ಗ್ರಾಂ ಸುಣ್ಣದ ಕಲ್ಲನ್ನು ಕರಗಿಸಬಲ್ಲದು. ಬೆಳಿಗ್ಗೆ ಬ್ರಶ್ಶಲ್ಲಿ ಒಂದು ಸುತ್ತು ಉಜ್ಜಿ ಫ್ಲಶ್ ಮಾಡಿ. 300 ಫ್ಲಶ್ಶಿಗೆ ಹಂಚಿ ಹಾಳು ಮಾಡೋ ಬದಲು ಒಂದೇ ರಾತ್ರಿಗೆ ಕೊಟ್ಟಾಗ ಅದೇ ಬಿಲ್ಲೆಗೆ ಶಕ್ತಿ ಬರುತ್ತೆ. (ಕೈಗವಸು ಹಾಕಿ, ಪುಡಿಯನ್ನು ಮೂಗಿಗೆ ಎಳ್ಕೋಬೇಡಿ, ಮಾರ್ಬಲ್ ಮೊಸಾಯಿಕ್ ನೆಲದ ಮೇಲೆ ಚೆಲ್ಲಬೇಡಿ, ಬ್ಲೀಚ್ ಜೊತೆ ಎಂದಿಗೂ ಸೇರಿಸಬೇಡಿ.)

ಇನ್ನೊಂದು ಲೆಕ್ಕ. ಶೇಕಡಾ 10ರ ಹೈಡ್ರೋಕ್ಲೋರಿಕ್ ಆಸಿಡ್ ಇರೋ ಅರ್ಧ ಲೀಟರ್ ಬಾಟಲಿ ಮಾಡೋ ಕೆಲಸವನ್ನು ಸುಮಾರು 140 ಗ್ರಾಂ ಸಲ್ಫಾಮಿಕ್ ಹರಳು ಮಾಡುತ್ತೆ. ಉಳಿದದ್ದೆಲ್ಲ ನೀರು, ಪ್ಲಾಸ್ಟಿಕ್ಕು, ಲಾರಿ ಬಾಡಿಗೆ.

ಇದು ಬರೀ ದುಡ್ಡಿನ ಮಾತಲ್ಲ. ನಮ್ಮ ಬ್ಲಾಕಿನ ಕಾಮನ್ ಟಾಯ್ಲೆಟ್ಟು ತೊಳೆಯೋ ಅಕ್ಕ ಬಳಸೋದು ಬ್ರಾಂಡಿನ ಬಾಟಲಿಯನ್ನಲ್ಲ. ಲೇಬಲ್ ಇಲ್ಲದ ಹಳೇ ನೀರಿನ ಬಾಟಲಿಯಲ್ಲಿ ತುಂಬಿಸಿಟ್ಟ ಹಳದಿ ಆಸಿಡ್ಡು. ಮುಚ್ಚಳ ತೆಗೆದರೆ ಹೊಗೆ. "ಕಣ್ಣು ಉರಿಯುತ್ತೆ ಸಾರ್, ಸೆರಗು ಕಟ್ಕೊಂಡು ಹಾಕ್ತೀನಿ" ಅಂತಾರೆ. ಅಲ್ಲಿನ ಸ್ಟೀಲ್ ನಲ್ಲಿಗಳೇ ಆ ಹೊಗೆಗೆ ಕಪ್ಪಾಗಿವೆ, ಇನ್ನು ಅವರ ಎದೆ? ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಕೊಳ್ಳುವವರ ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡೇ ಆಸಿಡ್ ಮಾರಬೇಕು, 18 ತುಂಬದವರಿಗೆ ಕೊಡಲೇಬಾರದು ಅಂತ ಆದೇಶಿಸಿತು. ನಮ್ಮ ಬೀದಿಯಲ್ಲಿ ಇವತ್ತಿಗೂ ಯಾವ ರಿಜಿಸ್ಟರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೊಗೆಯಾಡದ, ಚೆಲ್ಲದ, ಅಳತೆ ಮಾಡಿದ ಆಸಿಡ್ ಬಿಲ್ಲೆಯನ್ನು ಇಂಥವರ ಕೈಗೆ ಕೊಡೋದು ಫಾರ್ಮುಲೇಶನ್ ಬಲ್ಲವರಿಗೆ ದೊಡ್ಡ ಕೆಲಸವೇನಲ್ಲ. ಆದರೆ ಕಮೋಡಿನ ಪಂಜರಕ್ಕೆ ಹೊಸ ಹೂವಿನ ವಾಸನೆ ಹುಡುಕೋದ್ರಲ್ಲಿ ಎಲ್ಲರೂ ಬ್ಯುಸಿ. ಇಂಡಿಯನ್ ಶೈಲಿಯ ಕಕ್ಕಸು ಇದ್ದು ಚೊಂಬಿನಲ್ಲಿ ನೀರು ಹಾಕೋ ಮನೆಗಳಲ್ಲಿ ಪಂಜರ ನೇತು ಹಾಕೋಕೆ ಅಂಚೂ ಇಲ್ಲ, ಟ್ಯಾಂಕೂ ಇಲ್ಲ. ಆ ಮನೆಗಳು ಇವರ ಕಣ್ಣಿಗೆ ಮಾರುಕಟ್ಟೆಯೂ ಅಲ್ಲ.

ಕಳೆದ ವಾರ ಒಂದು ಬಿಲ್ಲೆ ಕಂಪನಿಯ ಗ್ರಾಹಕ ಸೇವೆಗೆ ಮೇಲ್ ಹಾಕಿದ್ದೆ. ಎರಡೇ ಪ್ರಶ್ನೆ: ಪ್ರತಿ ಫ್ಲಶ್ಶಿಗೆ ಎಷ್ಟು ಮಿಲಿಗ್ರಾಂ ಕರಗುತ್ತೆ? "ಸುಣ್ಣದ ಕರೆಯಿಂದ ರಕ್ಷಣೆ" ಅನ್ನೋ ಮಾತನ್ನು ಎಷ್ಟು ಗಡಸು ನೀರಿನಲ್ಲಿ ಪರೀಕ್ಷಿಸಿದ್ದೀರಿ? ಮೂರು ದಿನಕ್ಕೆ ಉತ್ತರ ಬಂತು. ನಮ್ಮ ಉತ್ಪನ್ನದಲ್ಲಿ ಆಸಕ್ತಿ ತೋರಿದ್ದಕ್ಕೆ ಧನ್ಯವಾದ, ಈಗ ಮಲ್ಲಿಗೆ ಪರಿಮಳದಲ್ಲೂ ಲಭ್ಯ.

ಈ ಉದ್ಯಮದಲ್ಲಿ ಕೆಲಸ ಮಾಡೋ ಓದುಗರು ಯಾರಾದ್ರೂ ಇದ್ದರೆ, ಗಡಸು ನೀರಿನಲ್ಲಿ ಮಾರ್ಬಲ್ ತುಂಡಿಟ್ಟು ನೇತಾಡೋ ಬಿಲ್ಲೆಯನ್ನು ಪರೀಕ್ಷಿಸಿದ ಅಂಕಿಗಳು ನಿಮ್ಮ ಬಳಿ ಇದ್ದರೆ, ಕಂಪನಿಯ ಹೆಸರು ಬೇಡ, ಅಂಕಿ ಮಾತ್ರ ಕಾಮೆಂಟಿನಲ್ಲಿ ಹಾಕಿ. ಒಂದಕ್ಷರ ತಿದ್ದದೆ ಪ್ರಕಟಿಸ್ತೀನಿ. ವಾಟ್ಸಾಪ್ ಗುಂಪಿಗೂ ಈ ಕೊಂಡಿ ಕಳಿಸಿದ್ದೀನಿ, ಇಲ್ಲೀವರೆಗೆ ಮೂರು ಹೆಬ್ಬೆಟ್ಟು :-)